ಪ್ಯಾರಿಸ್‌ನ ಪಂಕ್ತಿಭೇದ

1919ರ ಏಪ್ರಿಲ್ 11. ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ರಾಷ್ಟ್ರಸಂಘದ ಒಡಂಬಡಿಕೆಯನ್ನು ರೂಪಿಸುತ್ತಿದ್ದ ಆಯೋಗದ ಮುಂದೆ ಜಪಾನಿನ ಪ್ರತಿನಿಧಿ ಮಾಕಿನೊ ನೊಬುವಾಕಿ ಒಂದು ತಿದ್ದುಪಡಿ ಮಂಡಿಸಿದರು. ರಾಷ್ಟ್ರಗಳ ಸಮಾನತೆ, ಅವುಗಳ ಪ್ರಜೆಗಳಿಗೆ ನ್ಯಾಯಯುತ ವರ್ತನೆ ಎಂಬ ತತ್ವ ಪೀಠಿಕೆಯಲ್ಲಿ ಸೇರಬೇಕೆಂಬುದು ಅದರ ಸಾರ. ಫೆಬ್ರುವರಿಯ ಕರಡಿನಲ್ಲಿದ್ದ ‘ಜನಾಂಗ’ ಎಂಬ ಪದವನ್ನು ವಿರೋಧಕ್ಕೆ ಮಣಿದು ಆಗಲೇ ಕೈಬಿಡಲಾಗಿತ್ತು. ಪರವಾಗಿ 11 ಮತಗಳು ಬಂದವು. ಬಹುಮತವೇನೋ ಸ್ಪಷ್ಟವಾಗಿತ್ತು. ಆದರೆ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ವುಡ್ರೊ ವಿಲ್ಸನ್, ತೀವ್ರ ವಿರೋಧವಿರುವಾಗ ಸರ್ವಾನುಮತ ಬೇಕೆಂದು ಹೇಳಿ ತಿದ್ದುಪಡಿಯನ್ನು ತಳ್ಳಿಹಾಕಿದರು.

ಈ ಬೇಡಿಕೆಯ ಹಿಂದೆ ಆರು ದಶಕಗಳ ಅವಮಾನವಿತ್ತು. 1853ರಲ್ಲಿ ಅಮೆರಿಕದ ಪೆರಿ ಯುದ್ಧನೌಕೆಗಳೊಡನೆ ಬಂದಿಳಿದ ನಂತರ, 1858ರ ಒಪ್ಪಂದಗಳು ಜಪಾನಿನ ಕೈ ಕಟ್ಟಿಹಾಕಿದವು. ಅಲ್ಲಿ ಅಪರಾಧ ಮಾಡಿದ ಪಾಶ್ಚಾತ್ಯರನ್ನು ಜಪಾನಿನ ನ್ಯಾಯಾಲಯಗಳು ವಿಚಾರಿಸುವಂತಿರಲಿಲ್ಲ. ಆಮದು ಸುಂಕವನ್ನು ಸರ್ಕಾರ ತಾನಾಗಿ ನಿಗದಿ ಮಾಡುವಂತಿರಲಿಲ್ಲ. ‘ನಾಗರಿಕ’ ರಾಷ್ಟ್ರ ಯಾವುದೆಂದು ಅಳೆಯುವ ಕೋಲು ಯೂರೋಪಿನ ಕೈಯಲ್ಲಿತ್ತು.

ಜಪಾನ್ ಆ ಕೋಲಿಗೆ ತಕ್ಕಂತೆ ಬೆಳೆಯಿತು. 1889ರಲ್ಲಿ ಸಂವಿಧಾನ ಬಂತು. ವಿದೇಶಿಯರ ವಿಶೇಷ ರಕ್ಷಣೆ 1899ರಲ್ಲಿ ಕೊನೆಗೊಂಡಿತು. ಸುಂಕದ ಅಧಿಕಾರ 1911ರಲ್ಲಿ ಮರಳಿತು. ಆದರೆ ಕಾನೂನಿಗಿಂತ ಹೆಚ್ಚಾಗಿ ಗೌರವ ತಂದುಕೊಟ್ಟದ್ದು ಫಿರಂಗಿ. 1895ರಲ್ಲಿ ಚೀನಾವನ್ನೂ 1905ರಲ್ಲಿ ರಷ್ಯಾವನ್ನೂ ಸೋಲಿಸಿದ ಬಳಿಕ ಅದಕ್ಕೆ ದೊಡ್ಡವರ ಪಂಕ್ತಿಯಲ್ಲಿ ಎಲೆ ಸಿಕ್ಕಿತು. ಆದರೆ ಪಂಕ್ತಿಭೇದ ಮಾತ್ರ ತಪ್ಪಲಿಲ್ಲ. ಬಿಳಿಯರಿಗಷ್ಟೇ ವಲಸೆ ಎಂಬ ನೀತಿಗೆ ಧಕ್ಕೆ ಬಂದೀತೆಂದು ಆಸ್ಟ್ರೇಲಿಯದ ಪ್ರಧಾನಿ ಹ್ಯೂಸ್ ತಿದ್ದುಪಡಿಯನ್ನು ಬಲವಾಗಿ ವಿರೋಧಿಸಿದ್ದರು.

ಹಾಗೆಂದು ಜಪಾನನ್ನು ಸಮಾನತೆಯ ಹರಿಕಾರ ಎನ್ನಲಾಗದು. 1910ರಲ್ಲಿ ಅದು ಕೊರಿಯವನ್ನು ನುಂಗಿತ್ತು. ಮಾಕಿನೊ ಪ್ಯಾರಿಸ್‌ನಲ್ಲಿ ನ್ಯಾಯ ಕೇಳುತ್ತಿದ್ದ ದಿನಗಳಲ್ಲೇ, ಮಾರ್ಚ್ 1ರಂದು ಸ್ವಾತಂತ್ರ್ಯ ಸಾರಿ ಬೀದಿಗಿಳಿದಿದ್ದ ಕೊರಿಯನ್ನರನ್ನು ಜಪಾನಿನ ಪೊಲೀಸರೂ ಸೈನಿಕರೂ ಹತ್ತಿಕ್ಕುತ್ತಿದ್ದರು. ತಿದ್ದುಪಡಿಗೆ ಮತ ನೀಡಿದವರಲ್ಲಿ ಚೀನಾವೂ ಇತ್ತು. ಆದರೆ ಚೀನಾದ ಶಾಂಡಾಂಗ್‌ನಲ್ಲಿ ಜರ್ಮನಿ ಹೊಂದಿದ್ದ ಹಕ್ಕುಗಳನ್ನು ಸಮ್ಮೇಳನ ಜಪಾನಿಗೇ ಒಪ್ಪಿಸಿತು. ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಸಿಡಿದೆದ್ದದ್ದು ಇದೇ ಕಾರಣಕ್ಕೆ.

ಮುಂದಿನ ಕಥೆ ಗೊತ್ತಿರುವುದೇ. 1931ರಲ್ಲಿ ಮಂಚೂರಿಯಕ್ಕೆ ನುಗ್ಗಿದ ಜಪಾನ್ 1933ರಲ್ಲಿ ರಾಷ್ಟ್ರಸಂಘ ತೊರೆಯುವುದಾಗಿ ಘೋಷಿಸಿತು. ಜನಾಂಗಭೇದವಿಲ್ಲದೆ ಎಲ್ಲರಿಗೂ ಮಾನವ ಹಕ್ಕು ಎಂಬ ತತ್ವ ವಿಶ್ವಸಂಸ್ಥೆಯ ಸನ್ನದಿನಲ್ಲಿ ಸೇರಿದ್ದು 1945ರಲ್ಲಿ. ಅದನ್ನು ಬರೆದವರು ಜಪಾನಿನ ಎದುರಾಳಿಗಳು.

ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುತ್ತಿರುವ ಭಾರತ, ಬ್ರೆಜಿಲ್‌ಗಳಂಥ ದೇಶಗಳ ಬೇಡಿಕೆ ನ್ಯಾಯವಾದದ್ದೇ. ಆದರೆ ಮೇಲೇರುವ ರಾಷ್ಟ್ರ ತನಗೊಂದು ಎಲೆ ಸಿಕ್ಕರೆ ಸಾಕೆನ್ನುತ್ತದೆಯೋ, ಪಂಕ್ತಿಭೇದವೇ ಹೋಗಲಿ ಎನ್ನುತ್ತದೆಯೋ? ಜಪಾನ್ ಎಡವಿದ್ದು ಈ ಪ್ರಶ್ನೆಯಲ್ಲಿ.