ಕಿರುಗುಟ್ಟುವ ಸೈಕಲ್, ಕೊಯಮತ್ತೂರಿನ ಕಿವಿ

ಹಳೆಯ ಮೌಂಟನ್ ಬೈಕ್ ಏರಿನಲ್ಲಿ ಕಿರುಗುಟ್ಟಿದರೆ ಹೆಚ್ಚಿನವರು ದೂರುವುದು ಪೆಡಲ್ ನಡುವಿನ ಬೇರಿಂಗನ್ನು. ಆದರೆ ಟೊಳ್ಳು ಫ್ರೇಮು ಸದ್ದನ್ನು ದೂರ ಸಾಗಿಸುತ್ತದೆ. ನಿಂತು ತುಳಿದಾಗ ಸದ್ದು ಅಡಗಿದರೆ ಮೊದಲು ನೋಡಬೇಕಾದದ್ದು ಸೀಟಿನ ಕಂಬವನ್ನು. ಹೀಗೆ ಒಂದೊಂದೇ ಭಾಗವನ್ನು ಬೇರ್ಪಡಿಸಿ ದೋಷ ಹುಡುಕುವ ಜಾಣ್ಮೆ ಕೊಯಮತ್ತೂರು, ತಿರುಪ್ಪೂರು ಸೀಮೆಗೆ ಮಗ್ಗ, ಗಿರಣಿ ಮತ್ತು ಬಾವಿಗಳಿಂದ ಬಂತು ಎಂಬುದು ನನ್ನ ವಾದ. 1888ರಲ್ಲಿ ಇಲ್ಲಿ ನೂಲಿನ ಗಿರಣಿ ಶುರುವಾಯಿತು. 1932ರಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ ಹರಿದ ಮೇಲೆ ಗಿರಣಿಗಳು ಹೆಚ್ಚಿದವು, ಬಾವಿಗಳಲ್ಲಿ ಎತ್ತಿನ ಕಪಿಲೆಯ ಜಾಗಕ್ಕೆ ಪಂಪು ಬರತೊಡಗಿತು. ಎರಡನೇ ಮಹಾಯುದ್ಧದಲ್ಲಿ ವಿದೇಶಿ ಬಿಡಿಭಾಗಗಳಿಗೆ ಬರ ಬಂದಾಗ, ಕೆಟ್ಟ ಯಂತ್ರದ ದೋಷ ಹುಡುಕಿ ಸರಿಪಡಿಸಲು ಊರಿನ ವರ್ಕ್‌ಷಾಪುಗಳೇ ಆಸರೆಯಾದವು.

ಈ ಜಾಣ್ಮೆ 1926ರ ಪಿಎಸ್‌ಜಿ ಕೈಗಾರಿಕಾ ಸಂಸ್ಥೆಯಂಥ ಶಾಲೆಗಳ ಫಲವಲ್ಲವೇ ಎಂದು ಕೇಳಬಹುದು. ಶಾಲೆಯ ಪಾಲು ದೊಡ್ಡದೇ. ಆದರೆ ಕನ್ನಡ ಮಾತಾಡುವ ದೇವಾಂಗ ನೇಕಾರರು ಗಿರಣಿಗೂ ಮುಂಚೆಯೇ ಮರದ ಮಗ್ಗದ ಸಡಿಲ ಕೀಲುಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. ಶಾಲೆ ಬೆಳೆದದ್ದು ಅಂಥ ನೆಲದಲ್ಲಿ. ಸೈಕಲ್ಲಿಗೂ ಅದೇ ಕ್ರಮ ಒಗ್ಗುತ್ತದೆ: ಕೀಲು ಬಿಚ್ಚಿ, ಧೂಳು ಒರೆಸಿ, ಲೋಹದ ಕಂಬಕ್ಕೆ ತೆಳುವಾಗಿ ಗ್ರೀಸ್ ಸವರಿ, ಹದವಾಗಿ ಬಿಗಿದು, ಮತ್ತೆ ತುಳಿದು ಕೇಳಬೇಕು. ಆಗಲೂ ಸದ್ದು ನಿಲ್ಲದಿದ್ದರೆ ಫ್ರೇಮಿನ ಬೆಸುಗೆಗಳಲ್ಲಿ ಬಿರುಕು ಹುಡುಕಬೇಕು.