‘ಡಯಟ್’ ಆಹಾರ ಮತ್ತು ಬೊಜ್ಜು: ಕೊರಿಯಾ ವೈದ್ಯ ಪದ್ಧತಿಯ ನೋಟ

ದಕ್ಷಿಣ ಕೊರಿಯಾದ ಅಂಗಡಿಗಳಲ್ಲಿ ಪ್ರೋಟೀನ್ ಬಾರ್, ಊಟದ ಬದಲಿಗೆ ಕುಡಿಯುವ ಶೇಕ್, ‘ಝೀರೊ’ ಪಾನೀಯಗಳು ಧಾರಾಳವಾಗಿ ದೊರೆಯುತ್ತವೆ. ತೂಕ ಇಳಿಸಲು ಬಯಸುವವರು ಪೊಟ್ಟಣದ ಮೇಲಿನ ಕ್ಯಾಲೊರಿ ಅಂಕಿಯನ್ನು ನೋಡಿ ಇವನ್ನು ಕೊಳ್ಳುತ್ತಾರೆ. ಆದರೆ ಆ ದೇಶದ ಸಾಂಪ್ರದಾಯಿಕ ವೈದ್ಯ ಪದ್ಧತಿಯು ಆಹಾರವನ್ನು ಅಳೆಯುವುದು ಅಂಕಿಯಿಂದಲ್ಲ, ಅದು ಜೀರ್ಣವಾಗುವ ಬಗೆಯಿಂದ.

ತೇವ ಮತ್ತು ಕಫ

ರಾಜವೈದ್ಯ ಹೊ ಜುನ್ 1610ರಲ್ಲಿ ಪೂರ್ಣಗೊಳಿಸಿದ ‘ದೊಂಗುಯಿ ಬೊಗಮ್’ ಈ ಪದ್ಧತಿಯ ಪ್ರಮುಖ ಗ್ರಂಥ. 1613ರಲ್ಲಿ ಮುದ್ರಣಗೊಂಡ ಈ ಕೃತಿಗೆ 2009ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು. ಸ್ಥೂಲ ದೇಹದಲ್ಲಿ ತೇವ ಅಧಿಕ ಎಂಬುದು ಅದರ ಅಭಿಮತ. ಗುಲ್ಮ ಮತ್ತು ಜಠರ ದುರ್ಬಲಗೊಂಡರೆ ಆಹಾರ ಸರಿಯಾಗಿ ಪಚನವಾಗದೆ ತೇವ, ಕಫಗಳಾಗಿ ಸಂಚಯಗೊಳ್ಳುತ್ತದೆ. ಅತಿ ಸಿಹಿ, ಜಿಡ್ಡು, ತಣ್ಣನೆಯ ಪದಾರ್ಥಗಳು ಇದಕ್ಕೆ ಕಾರಣ ಎಂದು ಈ ಪದ್ಧತಿ ವಿವರಿಸುತ್ತದೆ. ಹೀಗಾಗಿ ಕ್ಯಾಲೊರಿ ಕಡಿಮೆ ಎಂಬ ಒಂದೇ ಕಾರಣಕ್ಕೆ ತಣ್ಣನೆಯ ಸಿಹಿ ಶೇಕ್ ಪಥ್ಯವಾಗದು.

ಯಿ ಜೆ-ಮಾ (1837–1900) ಮನುಷ್ಯರನ್ನು ನಾಲ್ಕು ದೇಹಪ್ರಕೃತಿಗಳಾಗಿ ವಿಂಗಡಿಸಿದರು. ಇವುಗಳಲ್ಲಿ ‘ತೇಉಮಿನ್’ ಪ್ರಕೃತಿಯವರಿಗೆ ಬೊಜ್ಜಿನ ಸಾಧ್ಯತೆ ಹೆಚ್ಚು ಎನ್ನಲಾಗುತ್ತದೆ. ಎಲ್ಲರಿಗೂ ಒಂದೇ ಪಥ್ಯ ಎಂಬುದನ್ನು ಈ ಸಿದ್ಧಾಂತ ಒಪ್ಪುವುದಿಲ್ಲ.

ವಿಜ್ಞಾನ ಹೇಳುವುದೇನು?

ತೇವ, ಕಫಗಳ ಈ ವಿವರಣೆಯನ್ನು ಆಧುನಿಕ ವಿಜ್ಞಾನ ಅಂಗೀಕರಿಸಿಲ್ಲ. ಆದರೆ ಕ್ಯಾಲೊರಿ ಅಂಕಿಯೊಂದೇ ಸಾಲದು ಎಂಬುದಕ್ಕೆ ಬೇರೆ ಆಧಾರಗಳಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿ ಭಾಗವಹಿಸಿದ್ದರು. ಅತಿಸಂಸ್ಕರಿತ ಆಹಾರ ನೀಡಿದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊ ಕ್ಯಾಲೊರಿ ಹೆಚ್ಚು ಸೇವಿಸಿದರು. ತೂಕ ಸರಾಸರಿ 0.9 ಕಿಲೊ ಏರಿತು. ಅದು ‘ಡಯಟ್’ ತಿನಿಸುಗಳ ಪರೀಕ್ಷೆಯಾಗಿರಲಿಲ್ಲ ಎಂಬುದು ಗಮನಾರ್ಹ. ತೂಕ ನಿಯಂತ್ರಣಕ್ಕಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಈ ಸಲಹೆ ಮಧುಮೇಹಿಗಳಿಗೆ ಅನ್ವಯಿಸದು.

ಮೂಲಿಕೆಯೂ ನಿರಪಾಯವಲ್ಲ

ಪೊಟ್ಟಣದ ಆಹಾರ ತ್ಯಜಿಸಿ ಗಿಡಮೂಲಿಕೆಗೆ ಮೊರೆಹೋಗುವುದೂ ಸುರಕ್ಷಿತವೇನಲ್ಲ. ಕೊರಿಯಾದಲ್ಲಿ ತೂಕ ಇಳಿಕೆಗೆ ನೀಡುವ ಹಲವು ಕಷಾಯಗಳಲ್ಲಿ ‘ಮಾಹ್ವಾಂಗ್’ ಇರುತ್ತದೆ. ಇದರಲ್ಲಿನ ಎಫೆಡ್ರಿನ್ ಹಸಿವನ್ನು ತಗ್ಗಿಸುವುದರ ಜತೆಗೆ ಹೃದಯ ಬಡಿತ ಮತ್ತು ರಕ್ತದೊತ್ತಡವನ್ನು ಏರಿಸುತ್ತದೆ. ಇದೇ ಅಂಶವುಳ್ಳ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಕೊರಿಯಾದಲ್ಲಿ ಇದನ್ನು ಆಹಾರದಲ್ಲಿ ಬೆರೆಸುವಂತಿಲ್ಲ. ಪರವಾನಗಿ ಪಡೆದ ವೈದ್ಯರು ಔಷಧವಾಗಿ ನೀಡಬಹುದು. ಹೃದ್ರೋಗಿಗಳು, ರಕ್ತದೊತ್ತಡ ಉಳ್ಳವರು ಮತ್ತು ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಇಂತಹ ಔಷಧ ಸೇವಿಸುವುದು ಅಪಾಯಕಾರಿ.