ಹೊಗೆಯಿಂದ ಇಳಿದ ಹುಳಿ

ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳಲ್ಲಿ ಹೊಗೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯಬೇಕು, ಪಾಕ ಹದಕ್ಕೆ ಬರಬೇಕು, ಹೊಗೆ ಗದ್ದೆ ದಾಟಿ ಹೋದರೆ ಸಾಕು. ಇದೇ ಮೈಸೂರು ಸಂಸ್ಥಾನದಲ್ಲಿ ನೂರು ವರ್ಷದ ಹಿಂದೆ ಹೊಗೆ ಹಿಡಿದು ಮಾರುವ ಕಾರ್ಖಾನೆಯೊಂದು ಎದ್ದಿತ್ತು, ಭದ್ರಾವತಿಯಲ್ಲಿ.

1923ರಲ್ಲಿ ಶುರುವಾದ ಅದರ ಹೆಸರಿನಲ್ಲಿ ಮರ ಮೊದಲು, ಕಬ್ಬಿಣ ಆಮೇಲೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಲು ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿಲ್ಲ. ಮಲೆನಾಡಿನ ಮರದ ಇದ್ದಿಲೇ ಗತಿ. ಬಯಲಿನಲ್ಲಿ ಗೂಡು ಹಾಕಿ ಇದ್ದಿಲು ಸುಟ್ಟರೆ ಮರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶದ ಪಾಲು. ಅದಕ್ಕೇ ಮರವನ್ನು ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗಳಲ್ಲಿಟ್ಟು ಕಾಯಿಸಿದರು. ಹೊರಬಂದ ಆವಿ ತಣ್ಣನೆಯ ಕೊಳವೆಗಳಲ್ಲಿ ಇಳಿದು, ಮೂಗಿಗೆ ಅಡರುವ ಕಂದು ಹುಳಿನೀರಾಗುತ್ತಿತ್ತು. ಡಾಂಬರು ತಳಕ್ಕೆ ಕೂತ ಮೇಲೆ ಉಳಿದ ನೀರಿಗೆ ಸುಣ್ಣ ಬೆರೆಸಿ ಕುದಿಸುವುದು. ಮೆಥನಾಲ್ ಹಾರಿ ಬೇರೆಯಾಗುತ್ತದೆ. ಹುಳಿ ಸುಣ್ಣಕ್ಕೆ ಅಂಟಿ ಬೂದು ಬಣ್ಣದ ಅಸಿಟೇಟ್ ಆಗಿ ಉಳಿಯುತ್ತದೆ. ತಣಿದರೂ ನೀರಾಗದ ಗಾಳಿಯನ್ನು ಮತ್ತೆ ಒಲೆಗೇ ಉಣಿಸುವುದು ಈ ಕಸುಬಿನ ರೂಢಿ.

ಆ ಬೂದು ಪುಡಿಗೆ ಅಷ್ಟು ಮರ್ಯಾದೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಕಾರ್ಡೈಟ್ ಎಂಬ ಸಿಡಿಮದ್ದು ತಯಾರಿಸಲು ಅಸಿಟೋನ್ ಬೇಕಿತ್ತು, ಅಸಿಟೋನ್ ತೆಗೆಯಲು ಈ ಅಸಿಟೇಟ್. ಭದ್ರಾವತಿಯ ಒಲೆ ಹೊತ್ತುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಸಾಲದ್ದಕ್ಕೆ ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಅನಿಲಗಳನ್ನು ಬೆಸೆದು ಮೆಥನಾಲ್ ಮಾಡತೊಡಗಿತು. ಮರದಿಂದ ಬಂದ ಮೆಥನಾಲಿನ ಬೆಲೆ ಕುಸಿಯಿತು. ಸಂಸ್ಥಾನದ ಲೆಕ್ಕ ಸರಿಯಿತ್ತು, ಗಳಿಗೆ ಕೈಕೊಟ್ಟಿತು ಅನ್ನಬೇಕು. ಕಾರ್ಖಾನೆಯನ್ನು ಹಳಿಗೆ ತರಲು ವಿಶ್ವೇಶ್ವರಯ್ಯನವರೇ ಬರಬೇಕಾಯಿತು.

ಅವರೇ ಕಟ್ಟಿಸಿದ ಕನ್ನಂಬಾಡಿ ಕಟ್ಟೆಯ ನೀರು ಇತ್ತ ಮಂಡ್ಯದಲ್ಲಿ ಕಬ್ಬು ಬೆಳೆಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಊರವರ ಬಾಯಲ್ಲಿ ಮೈಷುಗರ್, ಹುಟ್ಟಿತು. ಸಕ್ಕರೆ ತೆಗೆದು ಮಿಕ್ಕ ಕಾಕಂಬಿ ಮದ್ಯಸಾರವಾಯಿತು. ಮದ್ಯಸಾರಕ್ಕೆ ಗಾಳಿಯ ಆಮ್ಲಜನಕ ಕೂಡಿಸಿದರೂ ಭದ್ರಾವತಿಯ ಅದೇ ಹುಳಿ, ಅಸಿಟಿಕ್ ಆಮ್ಲ, ಕೈಗೆ ಬರುತ್ತದೆ. ಒಂದು ಮರವನ್ನೂ ಕಡಿಯಬೇಕಿಲ್ಲ. ಮುಂದೆ ಮಂಡ್ಯದಲ್ಲೇ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಕಂಪನಿಯೂ ತಲೆಯೆತ್ತಿತು.

ಆದರೆ ಕಾಕಂಬಿಯ ತೊಟ್ಟಿಗೂ ತನ್ನದೇ ಹೊಗೆಯಿದೆ, ಕಣ್ಣಿಗೆ ಕಾಣದ್ದು. ಯೀಸ್ಟ್ ನೊರೆಯೆಬ್ಬಿಸುತ್ತ ಒಂದು ಕಿಲೋ ಮದ್ಯಸಾರ ಮಾಡಿದರೆ ಹೆಚ್ಚುಕಡಿಮೆ 950 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬುಳುಬುಳು ಹೊರಬೀಳುತ್ತದೆ. ತೊಳೆದು, ಒತ್ತಿ, ಸಿಲಿಂಡರಿಗೆ ತುಂಬಿದರೆ ಅದಕ್ಕೂ ಗಿರಾಕಿಯುಂಟು. ಮದ್ದೂರು ವಡೆ ತಿಂದು ಕುಡಿಯುವ ಸೋಡಾದ ಗುಳ್ಳೆ ಅಂಥ ಯಾವುದೋ ತೊಟ್ಟಿಯಿಂದಲೇ ಎದ್ದು ಬಂದಿರಬಹುದು.